ವಿದೇಶಿ ಓದಿನ ಅರ್ಜಿಗೆ ಮುನ್ನ ಪಾಸ್‌ಪೋರ್ಟ್ ತಪಾಸಣೆ: ಕೊಡಗಿನ ವಿದ್ಯಾರ್ಥಿಗಳಿಗೆ ದೋಷ ನಿವಾರಣೆ ಕೈಪಿಡಿ

ವಿದೇಶಿ ವಿಶ್ವವಿದ್ಯಾಲಯದ ಅರ್ಜಿ ಪಾಸ್‌ಪೋರ್ಟ್ ವಿವರದ ಹತ್ತಿರ ಸಿಕ್ಕಿಹಾಕಿಕೊಂಡರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು ‘ಪಾಸ್‌ಪೋರ್ಟನ್ನೇ ತಿದ್ದಿಸಿಬಿಡೋಣ’. ಹೆಚ್ಚಿನ ಸಲ ಅದರ ಅಗತ್ಯವೇ ಇರುವುದಿಲ್ಲ. ಪಾಸ್‌ಪೋರ್ಟಿನ ಮೇಲೆ ಪೆನ್ನಿನಲ್ಲಿ ತಿದ್ದುವ ಪದ್ಧತಿ ಇಲ್ಲ. ತಿದ್ದುಪಡಿ ಎಂದರೆ ಮರುವಿತರಣೆ, ಅಂದರೆ ಹೊಸ ಪುಸ್ತಕ ಮತ್ತು ಹೊಸ ಸಂಖ್ಯೆ. ಅಷ್ಟರೊಳಗೆ ಐಇಎಲ್‌ಟಿಎಸ್ ಬರೆದಾಗಿದ್ದರೆ, ವಿಶ್ವವಿದ್ಯಾಲಯದ ಪ್ರವೇಶ ಪತ್ರ ಬಂದಿದ್ದರೆ, ಅಲ್ಲೆಲ್ಲ ಹಳೆಯ ಸಂಖ್ಯೆಯೇ ಕುಳಿತಿರುತ್ತದೆ. ಆದ್ದರಿಂದ ದೋಷ ಪಾಸ್‌ಪೋರ್ಟಿನಲ್ಲಿದೆಯೋ, ತುಂಬಿದ ಅರ್ಜಿಯಲ್ಲಿದೆಯೋ, ಅಂಕಪಟ್ಟಿ ಅಥವಾ ಆಧಾರ್‌ನಲ್ಲಿದೆಯೋ ಎಂದು ಮೊದಲು ಪತ್ತೆ ಮಾಡಬೇಕು. ಪುಸ್ತಕಕ್ಕೆ ಕೈಹಾಕುವುದು ಕೊನೆಯ ಕೆಲಸ.

ಮೊದಲ ಪರೀಕ್ಷೆ, ಕಾಸು ಖರ್ಚಿಲ್ಲದೆ

ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್ ಇವಿಷ್ಟನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಪದವಿ ಮುಗಿದಿದ್ದರೆ ಆ ಪ್ರಮಾಣಪತ್ರವೂ ಇರಲಿ. ಮೂಲ ಪ್ರತಿಗಳೇ ಬೇಕು. ಮೊಬೈಲಿನಲ್ಲಿ ತೆಗೆದ ಮಸುಕು ಫೋಟೊ ನೋಡಿ ತಾಳೆ ಮಾಡಬೇಡಿ. ಒಬ್ಬರು ಪಾಸ್‌ಪೋರ್ಟಿನ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರವಾಗಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಉಳಿದ ದಾಖಲೆಗಳ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಲಿ. ಹೆಸರನ್ನು ಹೆಸರಾಗಿಯೇ ಓದಿದರೆ, ಬಿಟ್ಟುಹೋದ ಅಕ್ಷರವನ್ನು ಕಣ್ಣೇ ತುಂಬಿಕೊಂಡು ಮುಂದೆ ಸಾಗಿಬಿಡುತ್ತದೆ.

ಪಾಸ್‌ಪೋರ್ಟಿನಲ್ಲಿ ಮೂರು ಕಡೆ ನೋಡಬೇಕು. ಫೋಟೊ ಇರುವ ಪುಟದಲ್ಲಿ ಸರ್‌ನೇಮ್, ಗಿವನ್ ನೇಮ್, ಜನ್ಮದಿನಾಂಕ, ಹುಟ್ಟಿದ ಸ್ಥಳ, ವಿತರಣೆಯ ಸ್ಥಳ ಮತ್ತು ದಿನಾಂಕಗಳಿರುತ್ತವೆ. ಕೊನೆಯ ಪುಟದಲ್ಲಿ ತಂದೆ, ತಾಯಿ, ಸಂಗಾತಿಯ ಹೆಸರು, ವಿಳಾಸ, ಹಳೆಯ ಪಾಸ್‌ಪೋರ್ಟಿನ ವಿವರ, ಫೈಲ್ ಸಂಖ್ಯೆ. ಮೂರನೆಯದು ಹೆಚ್ಚಿನವರು ನೋಡದೇ ಬಿಡುವ ಜಾಗ: ಫೋಟೊ ಪುಟದ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲು. ಒಂದೊಂದರಲ್ಲಿ 44 ಅಕ್ಷರಸ್ಥಾನ. ಮೇಲಿನ ಸಾಲಿನ ಮೊದಲ ಐದು ಸ್ಥಾನ ದಾಖಲೆಯ ಬಗೆಗೂ ದೇಶಕ್ಕೂ ಹೋಗಿ, ಹೆಸರಿಗೆ ಉಳಿಯುವುದು 39. ಅಲ್ಲಿ ಸರ್‌ನೇಮ್ ಮುಗಿದದ್ದನ್ನು ಎರಡು ಕೋನ ಗುರುತು (<<) ತೋರಿಸುತ್ತವೆ. ಹೆಸರಿನ ಭಾಗಗಳ ನಡುವೆ ಒಂದೇ ಕೋನ. ಹೆಸರು ಉದ್ದವಾದರೆ ಇಲ್ಲಿ ಕೊನೆ ಕತ್ತರಿಸಿಹೋಗಿರಬಹುದು. ಅದು ದೋಷವಲ್ಲ, ಗಾಬರಿ ಬೇಡ. ಆದರೆ ಮೇಲೆ ಅಚ್ಚಾದ ಹೆಸರಿಗೂ ಕೆಳಗಿನ ಸಾಲಿಗೂ ಅಕ್ಷರವೇ ಬೇರೆಯಾಗಿದ್ದರೆ ಅದು ನಿಜವಾದ ದೋಷ. ಅಂಥದ್ದು ಕಂಡರೆ ಬೇರೆ ಪರೀಕ್ಷೆ ಬೇಡ, ನೇರ ಪಾಸ್‌ಪೋರ್ಟ್ ಕಚೇರಿಯನ್ನೇ ಕೇಳಬೇಕು.

ಲಕ್ಷಣ: ‘ಸರ್‌ನೇಮ್ ಕಡ್ಡಾಯ’ ಎಂದು ಅರ್ಜಿ ಮುಂದೆ ಹೋಗುತ್ತಿಲ್ಲ, ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ

ಪೂರ್ತಿ ಹೆಸರು ಗಿವನ್ ನೇಮ್ ಜಾಗದಲ್ಲೇ ಕುಳಿತಿದೆ, ಸರ್‌ನೇಮ್ ಮುಂದೆ ಏನೂ ಇಲ್ಲ. ಕೊಡಗಿನಲ್ಲಿ ಮಾತ್ರವಲ್ಲ, ದಕ್ಷಿಣ ಭಾರತದ ಉದ್ದಕ್ಕೂ ಇದು ಸಾಮಾನ್ಯ. ಈ ಪಾಸ್‌ಪೋರ್ಟ್ ಪೂರ್ತಿ ಸಿಂಧು. ತೊಂದರೆ ಇರುವುದು ಅರ್ಜಿಯ ನಮೂನೆಯಲ್ಲಿ.

ಇಲ್ಲಿ ಮಾಡಬಾರದ್ದು, ಖಾಲಿ ಜಾಗಕ್ಕೆ ತೋಚಿದ್ದನ್ನು ತುಂಬುವುದು. ತಂದೆಯ ಹೆಸರನ್ನೋ ಮನೆ ಹೆಸರನ್ನೋ ಹಾಕಿ ಮುಂದೆ ಹೋದರೆ ಪ್ರವೇಶ ಪತ್ರ ಆ ಹೊಸ ಹೆಸರಿನಲ್ಲೇ ಬರುತ್ತದೆ, ವೀಸಾ ಹಂತದಲ್ಲಿ ಪಾಸ್‌ಪೋರ್ಟಿಗೆ ಹೊಂದುವುದಿಲ್ಲ. ಮೊದಲು ನಮೂನೆಯ ಸಹಾಯ ಟಿಪ್ಪಣಿ ಓದಿ. ಅಮೆರಿಕದ ವೀಸಾ ನಮೂನೆ ಡಿಎಸ್-160ರಲ್ಲಿ ನಿಯಮ ಸ್ಪಷ್ಟವಿದೆ: ಪಾಸ್‌ಪೋರ್ಟಿನಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆಯಬೇಕು, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರು ಅಕ್ಷರ. ಆ ಮೂರಕ್ಷರ ವೀಸಾದ ಮೇಲೂ ಅಚ್ಚಾಗಿ ಬಂದರೆ ಬೆಚ್ಚಬೇಕಿಲ್ಲ, ಅದು ಅಲ್ಲಿನ ಕ್ರಮ. ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಕೆಲವರು ಅಡ್ಡಗೆರೆ ಹಾಕಿ ಎನ್ನುತ್ತಾರೆ, ಕೆಲವರು ಹೆಸರನ್ನೇ ಎರಡೂ ಕಡೆ ಬರೆಯಿರಿ ಎನ್ನುತ್ತಾರೆ. ಪ್ರವೇಶ ವಿಭಾಗಕ್ಕೆ ಪಾಸ್‌ಪೋರ್ಟಿನ ಸ್ಕ್ಯಾನ್ ಸಹಿತ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನವಾಗಿಡಿ.

ಕೊಲ್ಲಿ ದೇಶದ ಮೂಲಕ ಹೋಗುವವರಿಗೆ ಒಂದು ಮಾತು. ಸರ್‌ನೇಮ್ ಅಥವಾ ಗಿವನ್ ನೇಮ್ ಖಾಲಿ ಇರುವ ಪಾಸ್‌ಪೋರ್ಟಿನವರು ಸಂದರ್ಶಕ ವೀಸಾದಲ್ಲಿ ಬರುವುದರ ಮೇಲೆ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಲ್ಲಿ ನಿರ್ಬಂಧ ಹಾಕಿತು. ಆಮೇಲೆ, ತಂದೆಯ ಅಥವಾ ಕುಟುಂಬದ ಹೆಸರು ಕೊನೆಯ ಪುಟದಲ್ಲಿದ್ದರೆ ಬಿಡುವುದಾಗಿ ವಿವರಣೆ ಬಂತು. ದುಬೈನಲ್ಲಿ ಇಳಿದು ನೆಂಟರ ಮನೆಯಲ್ಲಿ ಎರಡು ದಿನ ಇದ್ದು ಹೋಗೋಣ ಎಂದುಕೊಂಡವರು ಟಿಕೆಟ್ ತೆಗೆಯುವ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿಕೊಳ್ಳಿ.

ಲಕ್ಷಣ: ಸರ್‌ನೇಮ್ ಇದೆ, ಆದರೆ ಒಂದೊಂದು ದಾಖಲೆಯಲ್ಲಿ ಒಂದೊಂದು

ಕೊಡಗಿನ ಅರ್ಜಿಗಳಲ್ಲಿ ಅತಿ ಹೆಚ್ಚು ತೊಡಕು ಇಲ್ಲೇ. ಕೊಡವ ಹೆಸರಿನಲ್ಲಿ ಮೂರು ಭಾಗ: ಒಕ್ಕದ (ಮನೆತನದ) ಹೆಸರು, ತಂದೆಯ ಹೆಸರು, ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರದು ಕೊಡಂದೇರ ಮಾದಪ್ಪ ಕಾರ್ಯಪ್ಪ; ಕೊನೆಯಲ್ಲಿರುವುದು ಅವರದೇ ಹೆಸರು. ಟೆನಿಸ್‌ನ ರೋಹನ್ ಬೋಪಣ್ಣ, ಬ್ಯಾಡ್ಮಿಂಟನ್‌ನ ಅಶ್ವಿನಿ ಪೊನ್ನಪ್ಪ ಅವರ ಹೆಸರು ನೋಡಿ: ಕೊನೆಯಲ್ಲಿರುವುದು ತಂದೆಯ ಹೆಸರು, ಮಚ್ಚಂಡ, ಮಾಚಿಮಂಡ ಎಂಬ ಒಕ್ಕದ ಹೆಸರುಗಳು ಹೊರಗೆ ಅಷ್ಟಾಗಿ ಕೇಳುವುದೇ ಇಲ್ಲ. ಎರಡೂ ಸರಿಯೇ. ಆದರೆ ಒಂದೇ ಮನೆಯ ಒಬ್ಬನೇ ಹುಡುಗನ ಅಂಕಪಟ್ಟಿ ಮೊದಲ ರೀತಿಯಲ್ಲೂ ಪಾಸ್‌ಪೋರ್ಟ್ ಎರಡನೆಯ ರೀತಿಯಲ್ಲೂ ಇದ್ದರೆ, ಕೆನಡಾದಲ್ಲಿ ಕುಳಿತ ಗುಮಾಸ್ತನಿಗೆ ಅವರಿಬ್ಬರೂ ಬೇರೆ ಬೇರೆ ಜನ.

ಅರೆಭಾಷೆ ಗೌಡರ ಮನೆಗಳಲ್ಲೂ ಮನೆತನದ ಹೆಸರು ಇನಿಷಿಯಲ್‌ನಲ್ಲಿ ಅಡಗಿರುತ್ತದೆ. ಜತೆಗೆ ‘ಗೌಡ’ ಎಂಬುದು ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಅಲ್ಲಿನ ಹೆಚ್ಚುವರಿ ಗೋಜಲು.

ಪಾಸ್‌ಪೋರ್ಟ್ ಈಗಾಗಲೇ ಕೈಯಲ್ಲಿದ್ದರೆ ನಿಯಮ ಒಂದೇ: ಅಚ್ಚಾದದ್ದನ್ನು ಅಚ್ಚಾದ ಜಾಗದಲ್ಲಿ ಅಚ್ಚಾದ ಕ್ರಮದಲ್ಲಿ ಬರೆಯಿರಿ. ಒಕ್ಕದ ಹೆಸರು ಗಿವನ್ ನೇಮ್‌ನ ಮೊದಲಿಗೆ ಬಂದಿದ್ದರೆ ಅರ್ಜಿಯಲ್ಲೂ ಅಲ್ಲೇ. ‘ಮಿಡಲ್ ನೇಮ್’ ಎಂಬ ಪ್ರತ್ಯೇಕ ಜಾಗ ಕಂಡರೆ ಖಾಲಿ ಬಿಡಿ, ಭಾರತದ ಪಾಸ್‌ಪೋರ್ಟಿನಲ್ಲಿ ಅಂಥ ಅಂಕಣವೇ ಇಲ್ಲ. ಗಿವನ್ ನೇಮ್‌ನಲ್ಲಿ ಎರಡು ಮೂರು ಪದಗಳಿದ್ದರೆ ಎಲ್ಲವೂ ಅದೇ ಜಾಗಕ್ಕೆ.

ಅಂಕಪಟ್ಟಿಯಲ್ಲಿ ‘ಕೆ.ಬಿ.’ ಎಂದಿದ್ದು ಪಾಸ್‌ಪೋರ್ಟಿನಲ್ಲಿ ಅದೇ ಕೆ, ಬಿ ವಿಸ್ತರಿಸಿ ಬಂದಿದ್ದರೆ ಅದು ಸಹಜ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಳಸಲು ಬಿಡುವುದಿಲ್ಲ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಮಾಡಿಸಿದ ಇಂಗ್ಲಿಷ್ ಪ್ರಮಾಣಪತ್ರ (ಅಫಿಡವಿಟ್) ಒಂದನ್ನು ಸಿದ್ಧವಿಟ್ಟುಕೊಂಡರೆ ಹೆಚ್ಚಿನ ಕಡೆ ಸಾಕಾಗುತ್ತದೆ. ಅದರಲ್ಲಿ ಎರಡೂ ದಾಖಲೆಯ ಸಂಖ್ಯೆ, ಎರಡರಲ್ಲೂ ಇರುವ ಹೆಸರು ಅಕ್ಷರಶಃ ಬರಬೇಕು. ವಿಸ್ತರಣೆಯೇ ತಪ್ಪಾಗಿ, ‘ಬಿ’ ಎಂದರೆ ತಂದೆ ಬೋಪಯ್ಯ ಎಂದಿರಬೇಕಾದಲ್ಲಿ ಅಜ್ಜನ ಹೆಸರು ಬಂದು ಕೂತಿದ್ದರೆ ಪ್ರಮಾಣಪತ್ರ ಸಾಲದು, ಅದು ಮರುವಿತರಣೆಯ ವಿಷಯ.

ಇನ್ನೂ ಪಾಸ್‌ಪೋರ್ಟ್ ಮಾಡಿಸದವರು ಪುಣ್ಯವಂತರು, ಈಗಲೇ ತೀರ್ಮಾನಿಸಬಹುದು. ನಮ್ಮ ಸಲಹೆ, ಒಕ್ಕದ ಹೆಸರನ್ನು ಸರ್‌ನೇಮ್‌ನಲ್ಲಿ ಇಡಿ. ಕಾರಣ ಸರಳ: ಖರ್ಚು ಭರಿಸುವವರು ತಂದೆ, ಮುಂದೆ ತಮ್ಮನೋ ತಂಗಿಯೋ ಅದೇ ದಾರಿ ಹಿಡಿಯುತ್ತಾರೆ, ಎಲ್ಲರ ದಾಖಲೆಯಲ್ಲೂ ಸಮಾನವಾಗಿರುವ ಹೆಸರು ಅದೊಂದೇ. ಆದರೆ ಅದಕ್ಕೆ ಒಕ್ಕದ ಹೆಸರು ಪೂರ್ತಿಯಾಗಿ ಬರೆದ ದಾಖಲೆ ಬೇಕು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದರೆ ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ, ಆಧಾರ್ ಈ ಮೂರರಲ್ಲಿ ಹುಡುಕಿ. ಎಲ್ಲೂ ಇಲ್ಲದಿದ್ದರೆ ಮೊದಲು ಆಧಾರ್ ಸರಿಪಡಿಸಿ, ಆಮೇಲೆ ಪಾಸ್‌ಪೋರ್ಟ್. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ‘ನೋಡೋಣ’ ಎಂದು ಅದನ್ನು ಖರ್ಚು ಮಾಡಬೇಡಿ.

ಲಕ್ಷಣ: ಒಂದಕ್ಷರದ ವ್ಯತ್ಯಾಸ

ಕಾರ್ಯಪ್ಪ ಸಿಯಿಂದಲೂ ಶುರುವಾಗುತ್ತದೆ, ಕೆಯಿಂದಲೂ ಶುರುವಾಗುತ್ತದೆ. ತಿಮ್ಮಯ್ಯ ಬರೆಯುವಾಗ ಟಿ ಆದಮೇಲೆ ಎಚ್ ಇದೆಯೇ, ಎಂ ಒಂದೇ ಎರಡೇ, ಕೊನೆಯಲ್ಲಿ ಐಎಎಚ್ ಬರುತ್ತದೆಯೇ ವೈವೈಎ ಬರುತ್ತದೆಯೇ ಎಂದು ನೋಡುತ್ತಾ ಹೋದರೆ ಒಂದೇ ಹೆಸರಿಗೆ ಏಳೆಂಟು ರೂಪ ಸಿಗುತ್ತವೆ. ಕಾವೇರಿ, ಪೂಣಚ್ಚ, ಉತ್ತಪ್ಪ ಇವುಗಳದ್ದೂ ಇದೇ ಕತೆ.

ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆ ಇದು ಕಣ್ಣಿಗೆ ಬಿದ್ದರೆ ಖರ್ಚಿಲ್ಲ. ಐಇಎಲ್‌ಟಿಎಸ್, ಟೋಫೆಲ್, ಜಿಆರ್‌ಇ ಯಾವುದೇ ಇರಲಿ, ನೋಂದಣಿಯ ಹೆಸರು ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಪಾಸ್‌ಪೋರ್ಟಿನ ಹೆಸರಿಗೆ ಹೊಂದಬೇಕು. ಹೊಂದದಿದ್ದರೆ ಬಾಗಿಲಲ್ಲೇ ನಿಲ್ಲಿಸಬಹುದು, ಶುಲ್ಕವೂ ಹೋಗುತ್ತದೆ. ಅಕ್ಷರ ತಪ್ಪಿದ್ದು ತಿಳಿದ ಕೂಡಲೇ ಪರೀಕ್ಷಾ ಸಂಸ್ಥೆಗೆ ಬರೆಯಿರಿ. ಪರೀಕ್ಷೆ ಮುಗಿದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಎರಡು ಪ್ರಶ್ನೆ ಕೇಳಿಕೊಳ್ಳಿ. ತಪ್ಪು ಪಾಸ್‌ಪೋರ್ಟಿನಲ್ಲಿದೆಯೋ ಉಳಿದವುಗಳಲ್ಲಿದೆಯೋ? ಉಚ್ಚಾರಣೆ ಒಂದೇ ಇದೆಯೋ, ಹೆಸರೇ ಬೇರೆಯಾಗುತ್ತದೆಯೋ? ಉಚ್ಚಾರಣೆ ಒಂದೇ ಇದ್ದು ಅಂಕಪಟ್ಟಿಗಳೆಲ್ಲ ಒಂದು ರೀತಿ, ಪಾಸ್‌ಪೋರ್ಟ್ ಮಾತ್ರ ಇನ್ನೊಂದು ರೀತಿ ಇದ್ದರೂ ಅರ್ಜಿಗೆ ನಾಲ್ಕು ತಿಂಗಳೊಳಗೆ ಗಡುವಿದ್ದರೆ ಪಾಸ್‌ಪೋರ್ಟ್ ಮುಟ್ಟಬೇಡಿ. ನೋಟರಿ ಪ್ರಮಾಣಪತ್ರ ಹಚ್ಚಿ ಮುಂದೆ ಹೋಗಿ. ಹೆಸರೇ ಬೇರೆಯಾಗಿದ್ದರೆ ಮಾತ್ರ ಮರುವಿತರಣೆ.

ಕೊನೆಯ ಪುಟದ ತಂದೆ-ತಾಯಿ ಹೆಸರನ್ನೂ ಇದೇ ಕಣ್ಣಿನಿಂದ ನೋಡಿ. ತಾಯಿಯ ಹೆಸರು ಒಂದು ಕಡೆ ತವರಿನ ಒಕ್ಕದಲ್ಲಿ, ಇನ್ನೊಂದು ಕಡೆ ಗಂಡನ ಒಕ್ಕದಲ್ಲಿ ಇರುವುದುಂಟು. ಬ್ರಿಟನ್ ವೀಸಾಕ್ಕೆ ಹೆತ್ತವರ ಖಾತೆಯ ಹಣ ತೋರಿಸುವುದಾದರೆ ಸಂಬಂಧಕ್ಕೆ ಪುರಾವೆಯಾಗಿ ಜನನ ಪ್ರಮಾಣಪತ್ರ ಕೇಳುತ್ತಾರೆ. ಅದರಲ್ಲಿರುವ ತಂದೆಯ ಹೆಸರು ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೆ ಹೊಂದಬೇಕು. ಹಳೆಯ ಜನನ ದಾಖಲೆಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದೂ ಇದೆ. ಹೆಸರು ಸೇರಿಸಲು ಕಾಲಮಿತಿ ಇರುವುದರಿಂದ, ಜನನ ನೋಂದಣಿಯಾದ ಕಚೇರಿಗೇ ಹೋಗಿ ವಿಚಾರಿಸಿ.

ಲಕ್ಷಣ: ಪಾಸ್‌ಪೋರ್ಟ್ ಸಂಖ್ಯೆಯನ್ನು ಜಾಲತಾಣ ಒಪ್ಪುತ್ತಿಲ್ಲ

ಭಾರತದ ಪಾಸ್‌ಪೋರ್ಟ್ ಸಂಖ್ಯೆ ಒಂದು ಅಕ್ಷರ, ಏಳು ಅಂಕೆ, ಒಟ್ಟು ಎಂಟು ಸ್ಥಾನ. ಮೊದಲನೆಯದರ ನಂತರ ಅಕ್ಷರವೇ ಬರುವುದಿಲ್ಲ. ಆದ್ದರಿಂದ ನಡುವೆ ಗುಂಡಗೆ ಕಾಣುವುದು ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಕೆಳಗಿನ ಯಂತ್ರದ ಸಾಲಿನಿಂದ ನಕಲು ಮಾಡುವವರು ಒಂಬತ್ತು ಸ್ಥಾನ ಬರೆದುಬಿಡುತ್ತಾರೆ. ಅಲ್ಲಿ ಎಂಟು ಸ್ಥಾನದ ಬಳಿಕ ಒಂದು ಕೋನ ಗುರುತು, ಆಮೇಲೆ ಒಂದು ತಾಳೆ ಅಂಕೆ ಇರುತ್ತದೆ. ಆ ಅಂಕೆ ಸಂಖ್ಯೆಯ ಭಾಗವಲ್ಲ. ಇನ್ನು ಕೆಲವರು ಕೊನೆಯ ಪುಟದ ಉದ್ದನೆಯ ಫೈಲ್ ಸಂಖ್ಯೆಯನ್ನೇ ಹಾಕಿರುತ್ತಾರೆ. ಅನುಮಾನವಾದರೆ ಒಳಪುಟಗಳನ್ನು ಬೆಳಕಿಗೆ ಹಿಡಿಯಿರಿ, ಸಣ್ಣ ತೂತುಗಳಲ್ಲಿ ಅದೇ ಸಂಖ್ಯೆ ಕಾಣುತ್ತದೆ.

ಲಕ್ಷಣ: ದಿನಾಂಕ ಹೊಂದುತ್ತಿಲ್ಲ

ಮೊದಲು ಸುಲಭದ್ದು. 03/07/2007 ನಮಗೆ ಜುಲೈ 3, ಅಮೆರಿಕದ ನಮೂನೆಗೆ ಮಾರ್ಚ್ 7. ಅರ್ಜಿ ಸಲ್ಲಿಸಿದ ಮೇಲೆ ಬರುವ ಪಿಡಿಎಫ್‌ನಲ್ಲಿ ತಿಂಗಳ ಹೆಸರನ್ನು ಓದಿ ನೋಡಿ. ಯಂತ್ರದ ಸಾಲಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಎರಡೆರಡೇ ಅಂಕೆ ಇರುತ್ತದೆ, ಅದನ್ನು ಹಾಗೇ ನಕಲು ಮಾಡಬೇಡಿ. ಅವಧಿ ಮುಗಿಯುವ ದಿನ ವಿತರಣೆಯ ದಿನಕ್ಕಿಂತ ಒಂದು ದಿನ ಹಿಂದೆ ಇರುತ್ತದೆ: 15/06/2021ರಂದು ಕೊಟ್ಟ ಹತ್ತು ವರ್ಷದ ಪಾಸ್‌ಪೋರ್ಟ್ ಮುಗಿಯುವುದು 14/06/2031ಕ್ಕೆ. ಎರಡೂ 15 ಎಂದು ಬರೆದಿದ್ದರೆ ನೋಡಿ ಬರೆದಿಲ್ಲ ಎಂದೇ ಅರ್ಥ.

ಜನ್ಮದಿನಾಂಕವೇ ಪಾಸ್‌ಪೋರ್ಟಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಬೇರೆಯಾಗಿದ್ದರೆ ವಿಷಯ ಗಂಭೀರ. ಇಲ್ಲಿ ನೋಟರಿ ಪ್ರಮಾಣಪತ್ರ ಕೆಲಸಕ್ಕೆ ಬರುವುದಿಲ್ಲ. ಶಾಲೆಗೆ ಸೇರಿಸುವಾಗ ವಯಸ್ಸು ಕೂಡಲೆಂದು ತಿಂಗಳು ಹಿಂದೆ-ಮುಂದೆ ಮಾಡಿದ್ದು ಹನ್ನೆರಡು ವರ್ಷದ ಮೇಲೆ ಇಲ್ಲಿ ಮೇಲೆ ಬರುತ್ತದೆ. ಜನನ ಪ್ರಮಾಣಪತ್ರ ಯಾವ ಕಡೆಗಿದೆ ನೋಡಿ. ಪಾಸ್‌ಪೋರ್ಟ್ ತಪ್ಪಿದ್ದರೆ ಜನನ ಪ್ರಮಾಣಪತ್ರ, ಅಂಕಪಟ್ಟಿ ಎರಡನ್ನೂ ಇಟ್ಟು ಮರುವಿತರಣೆಗೆ ಹೋಗಬಹುದು. ಅಂಕಪಟ್ಟಿ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ವಕೀಲರ ಸಲಹೆಯೂ ಬೇಕಾದೀತು. ಇದು ಮುಗಿಯುವವರೆಗೆ ಯಾವ ಅರ್ಜಿಯನ್ನೂ ಸಲ್ಲಿಸಬೇಡಿ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಎರಡು ಜನ್ಮದಿನಾಂಕ ಒಂದು ದೇಶದ ವೀಸಾ ದಾಖಲೆಯಲ್ಲಿ ಸೇರಿಬಿಟ್ಟರೆ ಅದನ್ನು ಬಿಡಿಸುವುದು ಬಲು ಕಷ್ಟ.

ಲಕ್ಷಣ: ಸ್ಥಳದ ಹೆಸರಿನ ಗೊಂದಲ

ಹುಟ್ಟಿದ ಸ್ಥಳ ಎಂದರೆ ಊರಿನ ಮನೆಯಲ್ಲ, ಜನನ ಆದ ಜಾಗ. ಹೆರಿಗೆಗೆ ಮೈಸೂರಿಗೋ ಮಂಗಳೂರಿಗೋ ಹೋಗಿದ್ದರೆ, ಜನನ ಪ್ರಮಾಣಪತ್ರದಲ್ಲೂ ಪಾಸ್‌ಪೋರ್ಟಿನಲ್ಲೂ ಆ ಊರೇ ಇರಬೇಕು. ಅರ್ಜಿಯಲ್ಲಿ ಅಭ್ಯಾಸಬಲದಿಂದ ಮಡಿಕೇರಿ ಎಂದು ಬರೆಯುವುದು ದೊಡ್ಡ ತಪ್ಪಲ್ಲದಿದ್ದರೂ ತಪ್ಪೇ. ಕೂರ್ಗ್-ಕೊಡಗು, ಮರ್ಕಾರಾ-ಮಡಿಕೇರಿ ಜೋಡಿಗಳಲ್ಲಿ ಪಾಸ್‌ಪೋರ್ಟಿನಲ್ಲಿ ಯಾವುದಿದೆಯೋ ಅದನ್ನೇ ಬರೆಯಿರಿ.

ವಿತರಣೆಯ ಸ್ಥಳದಲ್ಲಿ ನಮ್ಮವರು ಮತ್ತೆ ಮತ್ತೆ ಎಡವುತ್ತಾರೆ. ಅಪಾಯಿಂಟ್‌ಮೆಂಟ್‌ಗೆ ಹೋದದ್ದು ಮೈಸೂರಾದರೂ ಪಾಸ್‌ಪೋರ್ಟ್ ಕೊಡುವುದು ಬೆಂಗಳೂರಿನ ಪ್ರಾದೇಶಿಕ ಕಚೇರಿ. ಪುಟದಲ್ಲಿ ಅಚ್ಚಾಗಿರುವುದೂ ಬೆಂಗಳೂರೇ. ಕೊನೆಯ ಪುಟದ ವಿಳಾಸ ಹಳೆಯದಾಗಿದ್ದರೆ ವಿಶ್ವವಿದ್ಯಾಲಯದವರು ತಲೆಕೆಡಿಸಿಕೊಳ್ಳುವುದಿಲ್ಲ, ಅದೊಂದಕ್ಕಾಗಿ ಈಗ ಪುಸ್ತಕ ಬದಲಿಸುವುದು ಬೇಡ.

ಲಕ್ಷಣ: ಅವಧಿ ಸಾಲದು, ಅಥವಾ ಫೋಟೊದಲ್ಲಿರುವುದು ಇನ್ನೂ ಮಗು

ಹದಿನೆಂಟರೊಳಗೆ ಮಾಡಿಸಿದ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷಕ್ಕೆ ಅಥವಾ 18 ತುಂಬುವ ದಿನಕ್ಕೆ, ಯಾವುದು ಮೊದಲೋ ಅದಕ್ಕೆ ಮುಗಿಯುತ್ತದೆ. ಪಿಯುಸಿ ಎರಡನೇ ವರ್ಷದಲ್ಲಿ ಅರ್ಜಿ ಹಾಕುವವರಿಗೆ ಇದು ನೇರ ಹೊಡೆತ. 15ರಿಂದ 18ರ ನಡುವಿನವರು ಹತ್ತು ವರ್ಷದ ಅವಧಿಯನ್ನೇ ಕೇಳಬಹುದು, ಕೇಳಿ. ಕೆನಡಾದ ಸ್ಟಡಿ ಪರ್ಮಿಟ್ ಪಾಸ್‌ಪೋರ್ಟಿನ ಅವಧಿ ದಾಟಿ ಸಿಗುವುದಿಲ್ಲ. ಎರಡೇ ವರ್ಷ ಉಳಿದಿದ್ದರೆ ನಾಲ್ಕು ವರ್ಷದ ಕೋರ್ಸಿಗೂ ಎರಡೇ ವರ್ಷದ ಪರ್ಮಿಟ್. ಸಾಮಾನ್ಯ ಸಂದರ್ಭದಲ್ಲಿ ಅವಧಿ ಮುಗಿಯುವ ಒಂದು ವರ್ಷ ಮುಂಚೆಯಿಂದ ನವೀಕರಣಕ್ಕೆ ಹೋಗಬಹುದು. ಖಾಲಿ ಪುಟ ಎರಡಾದರೂ ಇರಲಿ.

ಲಕ್ಷಣ: ಪುಸ್ತಕಕ್ಕೆ ಬೂಸರು, ಪುಟ ಸುರುಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಬೀರುವಿನಲ್ಲಿ ಚರ್ಮದ ಚಪ್ಪಲಿಗೆ ಏನಾಗುತ್ತದೋ ಪಾಸ್‌ಪೋರ್ಟಿಗೂ ಅದೇ ಆಗುತ್ತದೆ. ರಕ್ಷಾಪುಟದ ಮೇಲೆ ಬಿಳಿ ಚುಕ್ಕಿ, ಹೊಲಿಗೆಯ ಹತ್ತಿರ ಕಪ್ಪು ಗೆರೆ, ಫೋಟೊ ಪುಟದ ಅಂಚು ಏಳುವುದು. ರಕ್ಷಾಪುಟದ ಬೂಸರನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಬಹುದು. ಫೋಟೊ ಪುಟವನ್ನು ಉಜ್ಜಬೇಡಿ. ಸ್ಪಿರಿಟ್, ಒದ್ದೆ ಬಟ್ಟೆ, ಇಸ್ತ್ರಿಪೆಟ್ಟಿಗೆ, ಒಲೆಯ ಬಿಸಿ ಯಾವುದೂ ಬೇಡ. ಎದ್ದ ಅಂಚಿಗೆ ಅಂಟು ಹಚ್ಚಿದರೆ ದಾಖಲೆಯನ್ನು ತಿರುಚಿದಂತೆ ಕಾಣುತ್ತದೆ. ಮುಖಪುಟದಲ್ಲಿ ಚಿನ್ನದ ಬಣ್ಣದ ಚಿಪ್ ಗುರುತಿರುವ ಇ-ಪಾಸ್‌ಪೋರ್ಟ್ ಆದರೆ ಮಡಚುವುದು, ಸ್ಟೇಪಲ್ ಹೊಡೆಯುವುದು ಸಲ್ಲ.

ಹೆಸರು, ಸಂಖ್ಯೆ, ಫೋಟೊ, ಯಂತ್ರದ ಸಾಲು ಸ್ಪಷ್ಟವಾಗಿ ಓದಲು ಬಂದರೆ, ಪುಟ ಕಳಚದಿದ್ದರೆ, ಹಾಗೇ ಬಳಸಿ. ಇವುಗಳಲ್ಲಿ ಒಂದು ಮಸುಕಾಗಿದ್ದರೂ ಹಾನಿಯಾದ ಪಾಸ್‌ಪೋರ್ಟ್ ಎಂದೇ ಘೋಷಿಸಿ ಹೊಸದಕ್ಕೆ ಹಾಕಬೇಕು. ಆಗ 36 ಪುಟದ ಪುಸ್ತಕಕ್ಕೆ 1,500 ಅಲ್ಲ, 3,000 ರೂಪಾಯಿ. ಮುಂದಿನ ಮಳೆಗಾಲಕ್ಕೆ ಗಾಳಿಯಾಡದ ಡಬ್ಬದಲ್ಲಿ ಔಷಧಿ ಬಾಟಲಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಮರುವಿತರಣೆಯೇ ಆಗಬೇಕು ಎಂದಾದರೆ

ಅರ್ಜಿ ಹಾಕಬೇಕಾದ್ದು passport ಹೆಸರಿನ ಹತ್ತಾರು ತಾಣಗಳಲ್ಲಲ್ಲ, ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಜಿಒವಿ ಡಾಟ್ ಇನ್ ಒಂದರಲ್ಲೇ ಅಥವಾ ಎಂಪಾಸ್‌ಪೋರ್ಟ್ ಸೇವಾ ಆ್ಯಪ್‌ನಲ್ಲಿ. ನಕಲಿ ತಾಣಗಳು ಹೆಚ್ಚು ಹಣ ಕಿತ್ತು ಮಾಹಿತಿಯನ್ನೂ ಒಯ್ಯುತ್ತವೆ. ಮರುವಿತರಣೆಗೆ ಕಾರಣ ‘ವೈಯಕ್ತಿಕ ವಿವರಗಳಲ್ಲಿ ಬದಲಾವಣೆ’ ಎಂದು ಆರಿಸಿ. ಹೆಸರು, ಹುಟ್ಟಿದ ಸ್ಥಳ, ವಿಳಾಸ ಏನೇನು ತಿದ್ದಬೇಕೋ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಗುರುತಿಸಿ, ಶುಲ್ಕ ಒಂದೇ. 36 ಪುಟಕ್ಕೆ 1,500, 60 ಪುಟಕ್ಕೆ 2,000 ರೂಪಾಯಿ. ತತ್ಕಾಲ್ ಆದರೆ ಮೇಲೆ 2,000. ಹೆಸರಿನ ದೊಡ್ಡ ಬದಲಾವಣೆಗೆ ತತ್ಕಾಲ್ ನಂಬಿ ಕೂರಬೇಡಿ, ದಾಖಲೆ ಕಡಿಮೆಯಾದರೆ ಅದೂ ನಿಲ್ಲುತ್ತದೆ. ಪೂರ್ತಿ ಹೆಸರು ಬದಲಾಗುವುದಾದರೆ ನೋಟರಿ ಪ್ರಮಾಣಪತ್ರದ ಜತೆ ಎರಡು ದಿನಪತ್ರಿಕೆಗಳ ಜಾಹೀರಾತಿನ ಮೂಲ ಪ್ರತಿ ಬೇಕಾಗುತ್ತದೆ.

ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ 2017ರ ಜನವರಿಯಲ್ಲಿ ಶುರುವಾದಂದಿನಿಂದ ಬೆಂಗಳೂರಿನ ಓಡಾಟ ತಪ್ಪಿದೆ. ಮಂಗಳೂರಿನಲ್ಲೂ ಕೇಂದ್ರವಿದೆ, ಆದರೆ ಜುಲೈ-ಆಗಸ್ಟ್‌ನಲ್ಲಿ ಸಂಪಾಜೆ ಘಾಟಿ ದಾಟಿ ಬೆಳಗಿನ ಅಪಾಯಿಂಟ್‌ಮೆಂಟ್ ಹಿಡಿಯುವ ಸಾಹಸ ಬೇಡ. 2018ರ ಆಗಸ್ಟ್‌ನಲ್ಲಿ ಆ ರಸ್ತೆ ಕುಸಿದು ವಾರಗಟ್ಟಲೆ ಮುಚ್ಚಿತ್ತು. ಹಿಂದಿನ ದಿನವೇ ಹೋಗಿ ಉಳಿಯಿರಿ, ಅಥವಾ ಮೈಸೂರು ಆರಿಸಿ.

ಕೇಂದ್ರದಲ್ಲಿ ಮೊದಲ ಕೌಂಟರಿನವರು ದಾಖಲೆ ಸ್ಕ್ಯಾನ್ ಮಾಡಿ, ನಿಮ್ಮ ಕಡೆಗೆ ತಿರುಗಿಸಿದ ಪರದೆಯಲ್ಲಿ ವಿವರ ತೋರಿಸುತ್ತಾರೆ. ಹಿಂದೆ ಸಾಲು ನಿಂತಿದೆ ಎಂದು ಅವಸರದಲ್ಲಿ ‘ಸರಿ’ ಎನ್ನಬೇಡಿ. ಸರ್‌ನೇಮ್ ಜಾಗ, ಎಂ ಒಂದೇ ಎರಡೇ, ತಾಯಿಯ ಹೆಸರು, ಹುಟ್ಟಿದ ಸ್ಥಳ, ಪಿನ್‌ಕೋಡ್ ಎಲ್ಲವನ್ನೂ ಬೆರಳಿಟ್ಟು ಓದಿ. ಅಲ್ಲಿ ತಿದ್ದಿಸಲು ಒಂದು ಮಾತು ಸಾಕು, ಅಚ್ಚಾದ ಮೇಲೆ ಮತ್ತೊಂದು ಅರ್ಜಿ. ನೀವು ಕೊಟ್ಟದ್ದು ಸರಿಯಿದ್ದು ಅಚ್ಚಿನಲ್ಲಿ ತಪ್ಪಾಗಿದ್ದರೆ, ಸ್ವೀಕೃತಿ ಪತ್ರ ಮತ್ತು ಫೈಲ್ ಸಂಖ್ಯೆ ಹಿಡಿದು ಹೊಸ ಶುಲ್ಕ ಕಟ್ಟುವ ಮೊದಲೇ ಪ್ರಾದೇಶಿಕ ಕಚೇರಿಯನ್ನು ಕೇಳಿ. ಉಚಿತ ಸಹಾಯವಾಣಿ 1800-258-1800.

ಲಕ್ಷಣ: ಪೊಲೀಸ್ ಪರಿಶೀಲನೆಯಲ್ಲಿ ಅರ್ಜಿ ನಿಂತಿದೆ

ಅರ್ಜಿಯಲ್ಲಿ ಕೊಟ್ಟ ವಿಳಾಸದ ಠಾಣೆಗೆ ಪರಿಶೀಲನೆ ಹೋಗುತ್ತದೆ. ವಿಳಾಸ ನಾಪೋಕ್ಲಿನ ತೋಟದ ಮನೆಯದು, ಹುಡುಗಿ ಬೆಂಗಳೂರಿನ ಹಾಸ್ಟೆಲಿನಲ್ಲಿ, ಫೋನಿಗೆ ನೆಟ್‌ವರ್ಕ್ ಇಲ್ಲ. ಪೊಲೀಸರು ಬಂದು ನೋಡಿ ‘ವಿಳಾಸದಲ್ಲಿ ವಾಸವಿಲ್ಲ’ ಎಂದು ಬರೆದರೆ ವರದಿ ಪ್ರತಿಕೂಲವಾಗುತ್ತದೆ. ಅಪಾಯಿಂಟ್‌ಮೆಂಟನ್ನು ರಜೆಗೆ ಹೊಂದಿಸಿಕೊಳ್ಳಿ, ಮನೆಯಲ್ಲಿ ಸಿಗ್ನಲ್ ಸಿಗುವ ಕಂಪನಿಯ ನಂಬರನ್ನೇ ಕೊಡಿ. ಒಂದೆರಡು ವಾರ ಸದ್ದಿಲ್ಲದಿದ್ದರೆ ಜಾಲತಾಣದಲ್ಲಿ ಸ್ಥಿತಿ ನೋಡಿ, ಫೈಲ್ ಸಂಖ್ಯೆ ಹಿಡಿದು ಠಾಣೆಗೆ ಹೋಗಿ ವಿಚಾರಿಸಿ. ಪ್ರತಿಕೂಲ ವರದಿ ಬಂದೇ ಬಿಟ್ಟರೆ ಕಚೇರಿ ವಿವರಣೆ ಕೇಳುತ್ತದೆ, ಕಾಲೇಜಿನ ಪತ್ರದೊಂದಿಗೆ ಉತ್ತರಿಸಿ ಮರುಪರಿಶೀಲನೆ ಕೇಳಬಹುದು. ಸ್ಪೀಡ್ ಪೋಸ್ಟ್ ಕೂಡ ಅದೇ ವಿಳಾಸಕ್ಕೆ ಬರುತ್ತದೆ. ತೋಟದ ಒಳಗಿನ ಮನೆಯಾದರೆ ಅಂಚೆಯವರಿಗೆ ಮೊದಲೇ ಹೇಳಿಡಿ.

ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕೇಳಿ

ಎರಡು ಜನ್ಮದಿನಾಂಕ, ದತ್ತು ಅಥವಾ ವಿಚ್ಛೇದನದಿಂದ ಬದಲಾದ ಹೆತ್ತವರ ಹೆಸರು, ಹಿಂದೊಮ್ಮೆ ಬೇರೆ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದದ್ದು, ಇಂಥ ಸಂದರ್ಭದಲ್ಲಿ ಏಜೆಂಟರ ಮಾತಿಗೆ ಕಿವಿಗೊಡದೆ ಪ್ರಾದೇಶಿಕ ಕಚೇರಿಯನ್ನೂ ವಕೀಲರನ್ನೂ ಕಾಣಿ. ‘ಹಳೆಯದು ಇತ್ತೆಂದು ಹೇಳಬೇಡ, ಹೊಸದಾಗಿ ಹಾಕು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ಮಾಹಿತಿ ಕೊಟ್ಟು ಅಥವಾ ವಿವರ ಮುಚ್ಚಿಟ್ಟು ಪಾಸ್‌ಪೋರ್ಟ್ ಪಡೆದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಳೆದುಹೋಯಿತೆಂದು ದೂರು ಕೊಟ್ಟ ಪಾಸ್‌ಪೋರ್ಟ್ ಆಮೇಲೆ ಬೀರುವಿನ ಹಿಂದೆ ಸಿಕ್ಕರೂ ಅದನ್ನು ಬಳಸುವಂತಿಲ್ಲ. ಫೋಟೊ ಪುಟದ ಸ್ಕ್ಯಾನನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ಇದು ಸರಿಯೇ’ ಎಂದು ಕೇಳುವ ರೂಢಿಯನ್ನೂ ಬಿಡಿ.

ಅರ್ಜಿಯ ನಡುವೆ ಪಾಸ್‌ಪೋರ್ಟ್ ಬದಲಾದರೆ

ಹೊಸ ಸಂಖ್ಯೆ ಕೈಗೆ ಬಂದ ದಿನವೇ ತಿಳಿಸಲು ಶುರುಮಾಡಿ. ಅಮೆರಿಕಕ್ಕಾದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ. ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಹೆಸರಿನ ತಪ್ಪಿದ್ದರೆ ಅವರೇ ತಿದ್ದಿದ ಪ್ರತಿ ಕಳಿಸುತ್ತಾರೆ. ಬ್ರಿಟನ್‌ಗಾದರೆ ಸಿಎಎಸ್ (ವೀಸಾಕ್ಕೆ ಬೇಕಾದ ಪ್ರವೇಶ ದೃಢೀಕರಣ) ಕೊಟ್ಟ ವಿಶ್ವವಿದ್ಯಾಲಯಕ್ಕೆ, ಇ-ವೀಸಾ ಬಂದಾಗಿದ್ದರೆ ಅದರ ಖಾತೆಯಲ್ಲೂ. ಆಸ್ಟ್ರೇಲಿಯಾದ ವೀಸಾ ಪಾಸ್‌ಪೋರ್ಟ್ ಸಂಖ್ಯೆಗೇ ಜೋಡಣೆಯಾಗಿರುವುದರಿಂದ ಅಲ್ಲಿನ ಆನ್‌ಲೈನ್ ವೀಸಾ ಖಾತೆಯಾದ ಇಮ್ಮಿಅಕೌಂಟ್‌ನಲ್ಲಿ ಬದಲಿಸದೆ ವಿಮಾನ ಹತ್ತಲು ಹೋದರೆ ಚೆಕ್-ಇನ್‌ನಲ್ಲೇ ತಡೆಯುತ್ತಾರೆ. ಹಳೆಯ ಪುಸ್ತಕವನ್ನು ರದ್ದು ಮುದ್ರೆ ಹಾಕಿ ಹಿಂದಿರುಗಿಸುತ್ತಾರೆ, ಎಸೆಯಬೇಡಿ. ಐಇಎಲ್‌ಟಿಎಸ್ ಫಲಿತಾಂಶದಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ, ಅದಕ್ಕೆ ಮತ್ತೆ ಪರೀಕ್ಷೆ ಬರೆಯಬೇಕಿಲ್ಲ. ಹೊಸ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹಳೆಯ ಸಂಖ್ಯೆ, ದಿನಾಂಕ, ಸ್ಥಳ ಅಚ್ಚಾಗಿರುತ್ತವೆ; ಎಲ್ಲ ಕಡೆಗೂ ಫೋಟೊ ಪುಟದ ಜತೆಗೆ ಆ ಪುಟದ ಸ್ಕ್ಯಾನನ್ನೂ ಕಳಿಸಿ.